ನಕ್ಷೆ ಬೇರೆ, ನೆಲ ಬೇರೆ
(ಮಠದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ನಾನು ಮಾತುಗಾರನಲ್ಲ. ಸರ್ಕಾರಿ ಎಂಜಿನಿಯರ್ ಆಗಿ ದುಡಿದು ನಿವೃತ್ತನಾದವನು. ಆಮೇಲೆ ಯೋಗ ಕಲಿತು, ಎರಡು ವರ್ಷಗಳಿಂದ ಮಠದ ಸಭಾಭವನದಲ್ಲಿ ದಿನಾ ಬೆಳಿಗ್ಗೆ ಕಲಿಸುತ್ತಿದ್ದೇನೆ. ಕಲಿಸುತ್ತ ನಾನೇನು ಕಲಿತೆ ಎಂಬುದನ್ನು ಹೇಳಲು ಪೂಜ್ಯರ ಅಪ್ಪಣೆಯಾಗಿದೆ. ನನ್ನ ತಪ್ಪಿನಿಂದಲೇ ಆರಂಭಿಸುತ್ತೇನೆ.

ಮೊದಲ ತಿಂಗಳು ತರಗತಿಯನ್ನು ಕಾಮಗಾರಿಯಂತೆ ನಡೆಸಿದೆ. ಪುಸ್ತಕದ ಚಿತ್ರವೇ ನಕ್ಷೆ. ಪಶ್ಚಿಮೋತ್ತಾನಾಸನದಲ್ಲಿ ಹಣೆ ಮೊಣಕಾಲಿಗೆ ತಾಗದವರ ಬೆನ್ನ ಮೇಲೆ ಕೈಯಿಟ್ಟು ಒತ್ತುತ್ತಿದ್ದೆ. ಅವರಲ್ಲೊಬ್ಬರು ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲರು. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ಮನೆಗೆ ಹೋದರೆ ಸೊಂಟ ಹಿಡಿದು ಮಲಗಿದ್ದರು. ಒಟ್ಟು ಎಂಟು ದಿನದ ಕೂಲಿ ಹೋಯಿತು. ಕ್ಷಮೆ ಕೇಳಿದೆ. ಅವರು ಸಿಟ್ಟಾಗಲಿಲ್ಲ. “ಸಾಹೇಬ್ರ, ನೀವು ನನ್ನ ಬೆನ್ನಷ್ಟ ನೋಡಿದ್ರಿ, ಮಾರಿ ನೋಡಲಿಲ್ಲ” ಎಂದರು. ಕೂಲಿಯ ಹಣ ಕೊಡಹೋದರೆ ಅವರು ಬೇಡವೆಂದರು. ಅವರ ಮನೆಯವರು ತೆಗೆದುಕೊಂಡರು. ಅದೇ ಸರಿ. ಕಾಯಕವೇ ಕೈಲಾಸವೆಂದು ನಂಬಿದ ನಾನು ಒಬ್ಬರ ಕಾಯಕವನ್ನೇ ನಿಲ್ಲಿಸಿದ್ದೆ.

ಬಂಧುಗಳೇ, ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಗಟ್ಟಿ ಮೊರಂ ನೆಲಕ್ಕೆ ಬರೆದ ಪಾಯದ ನಕ್ಷೆ ಅಲ್ಲಿ ನಡೆಯದು. ಮೊದಲು ಗುಂಡಿ ತೋಡಿ ಮಣ್ಣು ನೋಡಬೇಕು. ಸೇವೆಯುದ್ದಕ್ಕೂ ಇದನ್ನು ಕಿರಿಯರಿಗೆ ಹೇಳಿದವನು ಮನುಷ್ಯರ ಮೈ ಮುಟ್ಟುವಾಗ ಮರೆತೆ.

ಈಗ ಹೊಸಬರು ಬಂದರೆ ಮೊದಲು ಕೂಡಿಸಿ ಕೇಳುತ್ತೇನೆ: ಏನು ಕೆಲಸ? ರಕ್ತದೊತ್ತಡ ಇದೆಯೇ? ಕಣ್ಣಿನ ಒತ್ತಡ, ಆಪರೇಷನ್, ಮಂಡಿನೋವು? ರಕ್ತದೊತ್ತಡ ಹೆಚ್ಚಿರುವವರಿಗೆ ತಲೆ ಕೆಳಗಾಗುವ ಆಸನವಿಲ್ಲ, ಉಸಿರು ಬಿಗಿಹಿಡಿಯುವುದೂ ಇಲ್ಲ. ಬಾಗುವಾಗ ಉಸಿರು ಬಿಡಿ, ಏಳುವಾಗ ಎಳೆದುಕೊಳ್ಳಿ ಎನ್ನುತ್ತೇನೆ. ಉಸಿರು ತಡವರಿಸಿದರೆ, ಮುಖ ಬಿಗಿದರೆ, ಅಲ್ಲಿಗೇ ಸಾಕು. ಯಾರ ಬೆನ್ನನ್ನೂ ಒತ್ತುವುದಿಲ್ಲ.

ಇನ್ನೊಂದು ತಪ್ಪು. ನೆಲದ ಮೇಲೆ ಕೂರಲಾಗದ ಹಿರಿಯರಿಗೆ ಕುರ್ಚಿಗಳನ್ನು ಹಿಂದಿನ ಸಾಲಿನಲ್ಲಿ ಹಾಕಿದ್ದೆ. ಅವರು ಸಂಕೋಚಪಟ್ಟು ಒಬ್ಬೊಬ್ಬರಾಗಿ ಬಿಟ್ಟರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ ಜಗತ್ತಿಗೆ ಯೋಗ ಕಲಿಸಿದ ಬಿ.ಕೆ.ಎಸ್. ಅಯ್ಯಂಗಾರ್ಯರು ಗೋಡೆ, ಕುರ್ಚಿ, ಬೆಲ್ಟು, ಮರದ ದಿಮ್ಮಿಗಳನ್ನೇ ಸಾಧನವಾಗಿಸಿದರು. ಆಸರೆ ಪಡೆಯುವುದು ಸೋಲಲ್ಲ. ಸೆಂಟ್ರಿಂಗ್ ಇಲ್ಲದೆ ಯಾವ ಸ್ಲ್ಯಾಬೂ ನಿಂತಿಲ್ಲ. ಬಲ ಬರುವ ಮುಂಚೆ ಅದನ್ನು ಕಿತ್ತವನೇ ತಪ್ಪಿತಸ್ಥ. ಈಗ ಕುರ್ಚಿಗಳು ಎಲ್ಲರ ನಡುವೆಯೇ ಇವೆ. ಬಿಟ್ಟವರಲ್ಲಿ ಮೂವರು ಮರಳಿದ್ದಾರೆ.

ಪತಂಜಲಿಯ ಯೋಗಸೂತ್ರಗಳಲ್ಲಿ ಆಸನದ ಬಗ್ಗೆ ನೇರವಾಗಿ ಹೇಳುವ ಸೂತ್ರಗಳು ಮೂರೇ. ಅಲ್ಲಿ ಕೇಳಿರುವುದು ಸ್ಥಿರತೆ ಮತ್ತು ಸುಖ. ಹಣೆ ಎಲ್ಲಿ ತಾಗಬೇಕೆಂಬ ಅಳತೆ ಅಲ್ಲಿಲ್ಲ. ಅಳತೆ ಹುಡುಕಿದ್ದು ನನ್ನ ಎಂಜಿನಿಯರ್ ಬುದ್ಧಿ. ಅದರ ಹಿಂದೆ ನಾನು ಬಲ್ಲವನೆಂಬ ಅಹಂಕಾರವೂ ಇತ್ತು.

ಆ ಹಮಾಲರು ಎರಡು ತಿಂಗಳ ಮೇಲೆ ಮತ್ತೆ ಬಂದರು. ಅವರ ಹಣೆ ಇಂದಿಗೂ ಮೊಣಕಾಲಿಗೆ ತಾಗುವುದಿಲ್ಲ. ಆದರೆ ಸಂಜೆ ಮೂಟೆ ಇಳಿಸಿದ ಮೇಲೆ ಬೆನ್ನು ಹಗುರವಾಗಿರುತ್ತದೆ ಎನ್ನುತ್ತಾರೆ. ನನಗೆ ಅಷ್ಟು ಸಾಕು. ನಿಮ್ಮಲ್ಲಿ ಯಾರಾದರೂ ಕಲಿಸಲು ಹೊರಟರೆ, ಮೊದಲು ಎದುರಿಗಿರುವವರ ಮುಖ ನೋಡಿ.