ಊರಿಗೂ ಒಬ್ಬ ವೈದ್ಯರು ಬೇಕು
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)



ಅರ್ಜಿಯಲ್ಲಿ ‘ಮುಂದೆ ಏನಾಗಬೇಕೆಂದಿದ್ದೀರಿ?’ ಎಂಬ ಕಲಂ ಇದೆ. ವೈದ್ಯಕೀಯ ಓದುವ ಮಕ್ಕಳು ಅಲ್ಲಿ ಹೃದಯತಜ್ಞ, ಮಕ್ಕಳ ತಜ್ಞ, ಸರ್ಜನ್ ಎಂದು ಬರೆಯುತ್ತಾರೆ. ಸಂತೋಷ. ಇಡೀ ನಗರಕ್ಕೆ ವೈದ್ಯರಾಗಬೇಕೆಂದು ಬರೆಯುವವರು ಅಪರೂಪ. ಅಂಥದೊಂದು ಹುದ್ದೆ ಇದೆ ಎಂಬುದೇ ನಮ್ಮ ಎಷ್ಟೋ ಮನೆಗಳಲ್ಲಿ ಗೊತ್ತಿಲ್ಲ.

1840ರ ದಶಕದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ದೊಡ್ಡ ಬಂದರು. ಸಾವಿರಾರು ಕೂಲಿ ಕುಟುಂಬಗಳು ಗಾಳಿ-ಬೆಳಕಿಲ್ಲದ ನೆಲಮಾಳಿಗೆಗಳಲ್ಲಿದ್ದವು. ಅಲ್ಲಿನ ಧರ್ಮಾರ್ಥ ಔಷಧಾಲಯದಲ್ಲಿ ಬಡವರನ್ನು ನೋಡುತ್ತಿದ್ದ ಡಾ. ವಿಲಿಯಂ ಹೆನ್ರಿ ಡಂಕನ್, ಊರಿನ ಸಾವಿಗೂ ಅದರ ಮನೆ-ಚರಂಡಿಗಳಿಗೂ ಇರುವ ಸಂಬಂಧವನ್ನು 1843ರಲ್ಲಿ ಅಂಕಿಅಂಶ ಸಮೇತ ಬರೆದು ತೋರಿಸಿದರು. 1846ರಲ್ಲಿ ಆ ನಗರಕ್ಕೆಂದೇ ನೈರ್ಮಲ್ಯ ಕಾನೂನು ಬಂತು. 1847ರ ಜನವರಿ 1ರಿಂದ ಡಂಕನ್ ನಗರದ ಆರೋಗ್ಯಾಧಿಕಾರಿಯಾದರು. ಬ್ರಿಟನ್ನಿನಲ್ಲಿ ಅಂಥ ನೇಮಕ ಅದೇ ಮೊದಲು. ಜೊತೆಗೆ ಜೇಮ್ಸ್ ನ್ಯೂಲ್ಯಾಂಡ್ಸ್ ಎಂಬ ಎಂಜಿನಿಯರನ್ನೂ ನೇಮಿಸಿದರು. ರೋಗ ಎಲ್ಲಿದೆ ಎಂದು ವೈದ್ಯರು ಹೇಳಬೇಕು, ಅಲ್ಲಿಗೆ ಒಳಚರಂಡಿಯನ್ನು ಎಂಜಿನಿಯರು ಒಯ್ಯಬೇಕು.

ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರಿಗೆ ಸಂಬಳದ ಲೆಕ್ಕ ಬೇಗ ಕಣ್ಣಿಗೆ ಬೀಳುತ್ತದೆ. ಡಂಕನ್ನರಿಗೆ ಮೊದಲು ಗೊತ್ತು ಮಾಡಿದ್ದು ವರ್ಷಕ್ಕೆ 300 ಪೌಂಡ್. ಅರೆಕಾಲಿಕ ಕೆಲಸ, ಖಾಸಗಿ ಪ್ರಾಕ್ಟೀಸಿಗೂ ಅನುಮತಿ. ಬೆಳಿಗ್ಗೆ ಯಾವ ಮನೆಮಾಲೀಕರ ನಾಡಿ ಹಿಡಿದು ಫೀಸು ಪಡೆದರೋ, ಸಂಜೆ ಅವರಿಗೇ ನೋಟಿಸು ಕೊಡುವುದು ಹೇಗೆ? ಸರ್ಕಾರದ ಗೃಹಮಂತ್ರಿಯೇ ಈ ಏರ್ಪಾಡಿಗೆ ಆಕ್ಷೇಪಿಸಿದರು. 1848ರಲ್ಲಿ ಅದು 750 ಪೌಂಡಿನ ಪೂರ್ಣಕಾಲಿಕ ಹುದ್ದೆಯಾಯಿತು. ನಮ್ಮ ದೃಷ್ಟಿಯಲ್ಲಿ ನಿಜವಾದ ನೇಮಕ ಆದದ್ದು ಆ ದಿನ.

ಕೆಲಸವೇನೂ ಸುಲಭವಿರಲಿಲ್ಲ. ನೇಮಕವಾದ ವರ್ಷವೇ ಐರ್ಲೆಂಡಿನ ಕ್ಷಾಮದಿಂದ ಲಕ್ಷಾಂತರ ಹಸಿದ ಜನ ಆ ಬಂದರಿಗೆ ಬಂದಿಳಿದರು. ಟೈಫಸ್ ಜ್ವರ ಹಬ್ಬಿತು. ನೆಲಮಾಳಿಗೆಗಳನ್ನು ಮುಚ್ಚಿಸಿದರೆ ಹೊರಬಿದ್ದ ಬಡವರು ಪಕ್ಕದ ಕಿಕ್ಕಿರಿದ ಮನೆಗಳಲ್ಲೇ ಸೇರಿಕೊಂಡರು. ಆದರೂ 1863ರಲ್ಲಿ ತೀರಿಕೊಳ್ಳುವವರೆಗೆ ಡಂಕನ್ ಆ ಹುದ್ದೆ ಬಿಡಲಿಲ್ಲ.

ನಮ್ಮ ಬೆಂಗಳೂರಿಗೂ ಇದು ದೂರದ ಮಾತಲ್ಲ. 1898ರ ಪ್ಲೇಗಿನ ನಂತರವೇ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಬೆಳೆದದ್ದು. 2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಐದು ಪಾಲಿಕೆಗಳಾಗಿವೆ. ಐದಕ್ಕೂ ಸಾರ್ವಜನಿಕ ಆರೋಗ್ಯವನ್ನೇ ಓದಿದ, ಕಮಿಷನರ ಎದುರು ಕುಳಿತು ‘ಈ ನೀರು ಕುಡಿಯಲು ಯೋಗ್ಯವಲ್ಲ’ ಎನ್ನಬಲ್ಲ ಹಿರಿಯ ವೈದ್ಯರು ಬೇಕು. ಒಳ್ಳೆಯ ಸರ್ಜನ್ನರನ್ನು ತಂದು ಆ ಕುರ್ಚಿಯಲ್ಲಿ ಕೂರಿಸಿದರೆ ಅವರಿಗೂ ಕಷ್ಟ, ಊರಿಗೂ ಕಷ್ಟ. ನೆರೆಯ ತಮಿಳುನಾಡಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ನಿರ್ದೇಶನಾಲಯವಿದೆ, 1939ರಷ್ಟು ಹಿಂದೆಯೇ ಕಾನೂನೂ ಆಗಿದೆ.

ಹಜರತ್ ಉಮರ್ (ರ) ಅವರು ಶಾಮ್ ದೇಶದ ದಾರಿಯಲ್ಲಿ ಪ್ಲೇಗಿನ ಸುದ್ದಿ ಕೇಳಿ, ಬಲ್ಲವರೊಡನೆ ಸಮಾಲೋಚಿಸಿ ಹಿಂದಿರುಗಿದ್ದು ನಿಮಗೆ ಗೊತ್ತೇ ಇದೆ. ಆಳುವವರ ಪಕ್ಕದಲ್ಲಿ ಬಲ್ಲವರು ಇರಬೇಕಲ್ಲವೇ?

ತಂದೆ-ತಾಯಂದಿರು ‘ಎಂ.ಡಿ. ಕಮ್ಯುನಿಟಿ ಮೆಡಿಸಿನ್ ಓದಿದರೆ ಕ್ಲಿನಿಕ್ ಎಲ್ಲಿ ಸರ್, ಸಾಲ ತೀರುವುದು ಹೇಗೆ?’ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೇ ದಾನಿಗಳಲ್ಲಿ ನಮ್ಮ ಬೇಡಿಕೆ: ಈ ವಿಷಯ ಆರಿಸಿಕೊಳ್ಳುವ ಒಬ್ಬ ವಿದ್ಯಾರ್ಥಿಯ ಮೂರು ವರ್ಷದ ಖರ್ಚನ್ನು, ಆ ಮಗು ಹುಡುಗನಾಗಲಿ ಹುಡುಗಿಯಾಗಲಿ, ಟ್ರಸ್ಟು ಪೂರ್ತಿಯಾಗಿ ವಹಿಸಿಕೊಳ್ಳಲಿ. ಮನಸ್ಸಿದ್ದವರು ಇಂದೇ ಕಾರ್ಯದರ್ಶಿಗಳ ಬಳಿ ಹೆಸರು ಬರೆಸಬಹುದು.