ಪ್ರಥಮಾ ವಿಭಕ್ತಿಯಲ್ಲಿ ಒಂದು ಊರು

ಪ್ರವಾಸೋದ್ಯಮದ ಯೋಜನೆಗಳ ಬಗ್ಗೆ ಮಾತನಾಡಲು ಕನ್ನಡದ ಅಧ್ಯಾಪಕನಿಗೆ ಏನು ಅಧಿಕಾರವೆಂದು ಕೇಳುಗರು ಶಂಕಿಸಿದರೆ ಅದು ಸಹಜವೇ. ಲಾಭ ನಷ್ಟಗಳ ಲೆಕ್ಕ ನನ್ನ ವಿಷಯವಲ್ಲ. ವಾಕ್ಯ ನನ್ನ ವಿಷಯ. ಸಲಹೆಗಾರಿಕೆಯನ್ನೇ ವೃತ್ತಿಯಾಗಿ ಕೈಗೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಕೆಲವು ಕಾಲದ ಹಿಂದೆ ಒಂದು ದಪ್ಪ ವರದಿಯನ್ನು ತಂದು, ಭಾಷೆಯನ್ನು ತಿದ್ದಿಕೊಡಬೇಕೆಂದು ಕೇಳಿದರು. ಬುಡಕಟ್ಟಿನವರ ಹಾಡಿಯೊಂದರ ಪಕ್ಕದಲ್ಲಿ ಆರಂಭಿಸಬೇಕೆಂದಿದ್ದ ಪ್ರವಾಸಿ ವಸತಿಯ ಯೋಜನೆ ಅದು. ಕಾಗುಣಿತದ ದೋಷಗಳು ಹೆಚ್ಚಾಗಿರಲಿಲ್ಲ. ಆದರೆ ಓದುತ್ತ ಹೋದಂತೆ ಒಂದು ಸಂಗತಿ ಕಣ್ಣಿಗೆ ಬಿತ್ತು. ‘ಸ್ಥಳೀಯರಿಗೆ ತರಬೇತಿ ನೀಡಲಾಗುವುದು’, ‘ಸ್ಥಳೀಯರನ್ನು ಬಳಸಿಕೊಳ್ಳಲಾಗುವುದು’, ‘ಸ್ಥಳೀಯರಿಂದ ನೃತ್ಯವನ್ನು ಏರ್ಪಡಿಸಲಾಗುವುದು’. ಆ ಜನ ಚತುರ್ಥಿಯಲ್ಲಿದ್ದರು, ದ್ವಿತೀಯೆಯಲ್ಲಿದ್ದರು, ತೃತೀಯೆಯಲ್ಲಿದ್ದರು. ಪ್ರಥಮಾ ವಿಭಕ್ತಿಯಲ್ಲಿ ಒಂದು ಕಡೆಯೂ ಇರಲಿಲ್ಲ. “ಇದರಲ್ಲಿ ಮಾಡುವವರು ಯಾರಪ್ಪ?” ಎಂದೆ. “ವರದಿಯ ಭಾಷೆಯೇ ಹಾಗಲ್ಲವೇ, ಸಾರ್” ಎಂದರು.

ವರದಿಯ ಭಾಷೆ ಹಾಗಿರುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಸಾಲಪತ್ರಕ್ಕೆ ಸಹಿ ಹಾಕುವವರು ಯಾರು, ಬಂದ ಪ್ರವಾಸಿಗೆ ಇದನ್ನು ತೋರಿಸುತ್ತೇವೆ ಅದನ್ನು ತೋರಿಸುವುದಿಲ್ಲ ಎಂದು ಹೇಳುವವರು ಯಾರು, ನಷ್ಟವಾದ ವರ್ಷ ಅದನ್ನು ಹೊರುವವರು ಯಾರು ಎಂಬುದೆಲ್ಲ ಆ ‘ಲಾಗುವುದು’ ಎಂಬ ಪ್ರತ್ಯಯದೊಳಗೆ ಅಡಗಿ ಕೂತಿರುತ್ತದೆ.

ಇದಕ್ಕೆ ಪ್ರತಿಯಾಗಿ, ಊರಿನವರೇ ಕರ್ತೃಗಳಾದ ಒಂದು ಉದ್ಯಮದ ಕಥೆಯನ್ನು ಹೇಳಬೇಕೆನಿಸುತ್ತದೆ. ಅದು ನಡೆದದ್ದು ದೂರದ ನ್ಯೂಜಿಲೆಂಡಿನಲ್ಲಿ. ಅಲ್ಲಿಯ ದಕ್ಷಿಣ ದ್ವೀಪದ ಪೂರ್ವ ಕರಾವಳಿಯಲ್ಲಿ ಕೈಕೋರಾ ಎಂಬ ಸಣ್ಣ ಊರಿದೆ. ಮಾವೋರಿ ಭಾಷೆಯಲ್ಲಿ ‘ಕೈ’ ಎಂದರೆ ಊಟ, ‘ಕೋರಾ’ ಎಂದರೆ ಒಂದು ಜಾತಿಯ ದೊಡ್ಡ ಸಿಗಡಿ. ನ್ಗಾಯ್ ತಾಹು ಎಂಬ ದೊಡ್ಡ ಬುಡಕಟ್ಟಿನ ಒಂದು ಕವಲಾದ ನ್ಗಾತಿ ಕುರೀ ಜನರ ನೆಲೆ ಅದು. ದಡದಿಂದ ಹೆಚ್ಚು ದೂರವಿಲ್ಲದೆಯೇ ಅಲ್ಲಿ ಸಮುದ್ರದ ತಳ 1,000 ಮೀಟರಿಗೂ ಆಳವಾದ ಕಂದಕವಾಗಿ ಇಳಿಯುತ್ತದೆ. ಅದರ ಆಹಾರಸಮೃದ್ಧಿಯಿಂದಾಗಿ ಸ್ಪರ್ಮ್ ತಿಮಿಂಗಿಲಗಳು ವರ್ಷದ ಎಲ್ಲ ಕಾಲದಲ್ಲಿಯೂ ಅಲ್ಲಿರುತ್ತವೆ. 1842ರಲ್ಲಿ ರಾಬರ್ಟ್ ಫೈಫ್ ಎಂಬಾತ ಅಲ್ಲಿ ತಿಮಿಂಗಿಲ ಬೇಟೆಯ ಠಾಣೆಯನ್ನು ಹಾಕಿದ. ಕೊಲ್ಲುವ ವ್ಯಾಪಾರ ಅದು. ನ್ಯೂಜಿಲೆಂಡಿನಲ್ಲಿ ಆ ಬೇಟೆ 1964ರಲ್ಲಿ ನಿಂತಿತು. ಕಡಲ ಸಸ್ತನಿಗಳನ್ನು ರಕ್ಷಿಸುವ ಕಾಯಿದೆ 1978ರಲ್ಲಿ ಬಂದಿತು.

1980ರ ದಶಕದಲ್ಲಿ ಆ ದೇಶದ ಸರ್ಕಾರ ರೈಲ್ವೆ ಮೊದಲಾದ ಇಲಾಖೆಗಳನ್ನು ಕುಗ್ಗಿಸಿದಾಗ ಕೈಕೋರಾದಲ್ಲಿ ಕೆಲಸ ಹೋಯಿತು. ಹೆಚ್ಚಾಗಿ ಹೋದದ್ದು ಮಾವೋರಿಗಳ ಕೆಲಸ. ಆಗ ಬಿಲ್ ಸಾಲಮನ್ ಮೊದಲಾದ ಹಿರಿಯರು ತಿಮಿಂಗಿಲವನ್ನು ತೋರಿಸಿಯೇ ಬದುಕಬಹುದೆಂದು ಯೋಚಿಸಿದರು. ಅವರ ಪೂರ್ವಿಕ ಪೈಕೇಯ ತಿಮಿಂಗಿಲದ ಬೆನ್ನೇರಿ ಈ ದ್ವೀಪಗಳಿಗೆ ಬಂದನೆಂಬುದು ಅವರ ಐತಿಹ್ಯ. ನಾಲ್ಕು ಕುಟುಂಬಗಳು ತಮ್ಮ ಮನೆಗಳನ್ನು ಅಡವಿಟ್ಟು ಸಾಲ ಎತ್ತಿದವು. 1987ರಲ್ಲಿ ಸಂಸ್ಥೆ ಹುಟ್ಟಿತು. ಗಾಳಿ ತುಂಬಿದ ಒಂದು ಸಣ್ಣ ದೋಣಿಯಲ್ಲಿ ಮೊದಲ ಪ್ರವಾಸಿಗಳು ಕಡಲಿಗೆ ಹೋದರು. ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಇನ್ನೊಂದು ಸಂಗತಿ ಸ್ವಾರಸ್ಯವಾಗಿ ಕಾಣುತ್ತದೆ: ಇದೇ ಪೈಕೇಯನ ಐತಿಹ್ಯವನ್ನು ಆಧರಿಸಿದ ವಿಟಿ ಇಹಿಮೈರಾ ಅವರ ಕಾದಂಬರಿ ‘ದಿ ವೇಲ್ ರೈಡರ್’ ಪ್ರಕಟವಾದದ್ದೂ 1987ರಲ್ಲೇ. ಅದರ ನೆಲ ಬೇರೆ, ಉತ್ತರ ದ್ವೀಪದ ಊರು. ಆದರೂ ಒಂದೇ ಕಥೆ ಒಂದೇ ವರ್ಷದಲ್ಲಿ ಒಂದು ಕಡೆ ಪುಸ್ತಕವಾಯಿತು, ಇನ್ನೊಂದು ಕಡೆ ಅನ್ನವಾಯಿತು.

ಕಥೆಯಿಂದಲೇ ಅನ್ನ ಹುಟ್ಟುವುದಿಲ್ಲವೆನ್ನಿ. ದೋಣಿ ಕಡಲಿಗೆ ಇಳಿಯಿತೆಂದರೆ ಪೂರ್ತಿ ತುಂಬಿರಲಿ, ಅರ್ಧ ತುಂಬಿರಲಿ, ಎಣ್ಣೆಯ ಖರ್ಚು, ಸಿಬ್ಬಂದಿಯ ಸಂಬಳ ಹೆಚ್ಚುಕಡಿಮೆ ಒಂದೇ. ಕಡಲು ಕೆರಳಿದ ದಿನ ವರಮಾನವಿಲ್ಲ. ಸಾಲದ ಕಂತಿಗೆ ಮಾತ್ರ ಹವಾಮಾನದ ಪರಿವೆಯಿಲ್ಲ. ತಿಮಿಂಗಿಲಕ್ಕೆ ಋತುವಿಲ್ಲದಿದ್ದರೂ ಪ್ರವಾಸಿಗೆ ಋತುವುಂಟು. ಎಷ್ಟು ಆಸನಗಳು ತುಂಬಿದರೆ ಖರ್ಚು ಗಿಟ್ಟುತ್ತದೆ, ಬರಿಗೈಯ ತಿಂಗಳುಗಳನ್ನು ದಾಟಲು ಕೈಯಲ್ಲಿ ಎಷ್ಟಿರಬೇಕು, ವಿಮೆ ಎಷ್ಟಕ್ಕೆ, ಪರವಾನಗಿ ಯಾರಿಂದ ಎಂಬುದನ್ನೆಲ್ಲ ಕೂತು ಬರೆಯಲೇಬೇಕು. ಸಲಹೆಗಾರನ ವಿದ್ಯೆ ಬೇಕಾಗುವುದು ಇಲ್ಲಿ. ಅದನ್ನು ನಾನು ಹಗುರಾಗಿ ಕಾಣುವವನಲ್ಲ. ಆದರೆ ತಿಮಿಂಗಿಲ ಎಲ್ಲಿ ಮೇಲೇಳುತ್ತದೆಂಬ ತಿಳಿವು ಆ ಕಡಲನ್ನು ಬಲ್ಲವರಲ್ಲಿರುತ್ತದೆ. ಸ್ಪರ್ಮ್ ತಿಮಿಂಗಿಲ ಮುಳುಗಿತೆಂದರೆ ಮುಕ್ಕಾಲು ಗಂಟೆಯಾದರೂ ಮೇಲೆ ಬಾರದಿರಬಹುದು. ಬಂದರೆ ಹತ್ತು ನಿಮಿಷದ ದರ್ಶನ. ನೀರಿನೊಳಗೆ ಇಳಿಬಿಟ್ಟ ಧ್ವನಿಗ್ರಾಹಕದಲ್ಲಿ ಅದರ ಟಿಕ್ ಟಿಕ್ ಸದ್ದನ್ನು ಆಲಿಸಿ ದೋಣಿಯನ್ನು ತಿರುಗಿಸುತ್ತಾರೆ. ಒಂದೂ ತಿಮಿಂಗಿಲ ಕಾಣದಿದ್ದರೆ ಟಿಕೀಟಿನ ಹಣದಲ್ಲಿ ನೂರಕ್ಕೆ 80ರಷ್ಟನ್ನು ಹಿಂದಿರುಗಿಸುವುದು ಆ ಸಂಸ್ಥೆಯ ನಿಯಮ. ಕಡಲನ್ನು ಅರಿಯದವನು ಬರೆದ ಯೋಜನೆಯಲ್ಲಿ ಇಂಥ ಮಾತು ಬಂದೀತೆಂದು ನನಗೆ ನಂಬಿಕೆಯಿಲ್ಲ. ಅದು ಜಾಹೀರಾತೂ ಹೌದು. ಆದರೆ ತಮ್ಮ ತಿಳಿವಿನ ಮೇಲೆ ತಾವೇ ಬರೆದುಕೊಟ್ಟ ಪ್ರಾಮಿಸರಿ ನೋಟು.

ಮಾವೋರಿಗಳಲ್ಲಿ ‘ಮನಾಕಿತಂಗ’ ಎಂಬ ಶಬ್ದವಿದೆ. ಅತಿಥಿಸತ್ಕಾರ ಎಂದು ಅನುವಾದಿಸುತ್ತಾರೆ. ಆದರೆ ಅದರೊಳಗೆ ‘ಮನ’ ಎಂಬುದಿದೆ. ಗೌರವ, ವರ್ಚಸ್ಸು, ಅಧಿಕಾರ ಎಲ್ಲವನ್ನೂ ಒಳಗೊಂಡ ಮಾತು. ನಮ್ಮ ಮನಸ್ಸಿಗೂ ಅದಕ್ಕೂ ಸಂಬಂಧವಿಲ್ಲ, ಧ್ವನಿಸಾಮ್ಯ ಮಾತ್ರ. ಅತಿಥಿಯ ಮನವನ್ನು ಎತ್ತಿಹಿಡಿಯುವುದರಿಂದ ಆತಿಥೇಯನ ಮನವೂ ಉಳಿಯಬೇಕು. ಕುಣಿ ಎಂದಾಗ ಕುಣಿಯುವವನು ಆತಿಥೇಯನಲ್ಲ. ನನ್ನ ಕೈಗೆ ಬಂದ ವರದಿಯಲ್ಲಿ ಆತಿಥ್ಯ ಎಂಬ ಮಾತು ಹೆಜ್ಜೆಹೆಜ್ಜೆಗೆ ಇತ್ತು. ಅದನ್ನು ನೀಡುವ ಮನೆಯ ಯಜಮಾನ ಮಾತ್ರ ಇರಲಿಲ್ಲ.

ಲಾಭ ಕಂಡ ಕಡೆ ಪೈಪೋಟಿ ಬರುವುದು ಲೋಕರೂಢಿ. ಕೈಕೋರಾದಲ್ಲಿ ಬೇರೆಯವರಿಗೂ ತಿಮಿಂಗಿಲ ತೋರಿಸಲು ಪರವಾನಗಿ ಕೊಡುವ ಪ್ರಶ್ನೆ ಎದ್ದಿತು. ನ್ಗಾಯ್ ತಾಹು ಜನ ನ್ಯಾಯಾಲಯಕ್ಕೆ ಹೋದರು. 1995ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪು ತೂಕದ್ದು. 1840ರ ವೈಟಾಂಗಿ ಒಪ್ಪಂದದ ತತ್ತ್ವಗಳಂತೆ ಅವರಿಗೆ ನ್ಯಾಯವಾದ ಮಟ್ಟಿಗೆ ಆದ್ಯತೆ ಸಲ್ಲಬೇಕು. ಆದರೆ ಅದು ಏಕಸ್ವಾಮ್ಯವಲ್ಲ, ಜೀವಿಗಳ ರಕ್ಷಣೆಗೆ ಅಧೀನವಾದದ್ದು. ಅಷ್ಟರಲ್ಲೇ, 1992ರ ನಿಯಮಗಳು, ತಿಮಿಂಗಿಲದ 300 ಮೀಟರಿನೊಳಗೆ ಏಕಕಾಲಕ್ಕೆ ಮೂರಕ್ಕಿಂತ ಹೆಚ್ಚು ದೋಣಿ, ವಿಮಾನಗಳು ಇರಕೂಡದೆಂದು ಗೊತ್ತುಮಾಡಿದ್ದವು. ಬೆಳೆಯಬಹುದಾದ ಮಿತಿಯನ್ನು ಮೊದಲೇ ಒಪ್ಪಿಕೊಂಡು ಲೆಕ್ಕ ಹಾಕಬೇಕಾದ ವ್ಯಾಪಾರ ಇದು. ಪ್ರತಿವರ್ಷ ಇಷ್ಟಿಷ್ಟು ಹೆಚ್ಚುವ ಪ್ರವಾಸಿಸಂಖ್ಯೆಯ ಏರುಗೆರೆಯನ್ನು ಎಳೆದು ಸಂತೋಷಪಡುವ ಸಲಹೆಗಾರರಿಗೆ ಇದು ರುಚಿಸುವುದು ಕಷ್ಟ.

ಯಾವ ಯೋಜನೆಯೂ ಕಾಣದ್ದು 2016ರ ನವೆಂಬರ್ 14ರಂದು ನಡೆಯಿತು. ನಡುರಾತ್ರಿ ಕಳೆದ ಮೇಲೆ 7.8ರ ತೀವ್ರತೆಯ ಭೂಕಂಪ. ಗುಡ್ಡಗಳು ಕುಸಿದು ಹೆದ್ದಾರಿ, ರೈಲುದಾರಿ ಎರಡೂ ಮುಚ್ಚಿದವು. ಕಡಲ ತಳವೇ ಮೇಲೆದ್ದು ದೋಣಿಕಟ್ಟೆಯಲ್ಲಿ ದೋಣಿಗಳಿಗೆ ನೀರು ಸಾಲದಾಯಿತು. ಕಂದಕದ ತಳದ ಕೆಸರು ಆಳಕ್ಕೆ ಜರಿದುಹೋಯಿತು. ಆಮೇಲೆ ಸುಮಾರು ಒಂದು ವರ್ಷ ತಿಮಿಂಗಿಲಗಳು ನೀರಿನ ಮೇಲೆ ಮೊದಲಿಗಿಂತ ಹೆಚ್ಚು ಹೊತ್ತು ಉಳಿಯುತ್ತಿದ್ದುದನ್ನು ಸಂಶೋಧಕರು ಗುರುತಿಸಿದ್ದಾರೆ. ಆಹಾರ ಹುಡುಕುವುದು ಅವಕ್ಕೂ ಕಷ್ಟವಾಗಿತ್ತೆಂದು ಅವರ ಊಹೆ. ದೋಣಿಕಟ್ಟೆಯನ್ನು ಮತ್ತೆ ಆಳವಾಗಿ ತೋಡಿದರು. ಹೆದ್ದಾರಿ 2017ರ ಡಿಸೆಂಬರಿನಲ್ಲಿ ತೆರೆಯಿತು. ಉಸಿರಾಡುವಷ್ಟರಲ್ಲಿ 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದಿಂದಾಗಿ ದೇಶದ ಗಡಿಯೇ ಮುಚ್ಚಿತು. ಹೊರಗಿನ ಪ್ರವಾಸಿಗಳಿಗೆ ಅದು ಹಂತಹಂತವಾಗಿ ತೆರೆದದ್ದು 2022ರಲ್ಲಿ. ಬೇರೆಯವರ ಬಂಡವಾಳವಾಗಿದ್ದರೆ ಇಷ್ಟರಲ್ಲಿ ಅದು ಇನ್ನೊಂದು ಊರಿಗೆ ಹೋಗಿಬಿಡಬಹುದಾಗಿತ್ತು. ಈ ಜನಕ್ಕೆ ಹೋಗಲು ಬೇರೆ ಊರಿರಲಿಲ್ಲ. ದೋಣಿಗಳು ಮತ್ತೆ ಕಂದಕದ ಕಡೆಗೆ ಹೊರಟವು.