ಏಳು ದಿನದ ಸಂತೆಯ ಗಂಟು

 

ಈ ಮಹೋತ್ಸವದಲ್ಲಿ ಶಾಸ್ತ್ರವಿಷಯವನ್ನು ಕುರಿತು ಮಾತನಾಡಬೇಕೆಂದು ನನಗೆ ಅಪ್ಪಣೆಯಾಗಿದ್ದಿತು. ಆದರೆ ಕೆಲವು ತಿಂಗಳ ಹಿಂದೆ ಮಿತಾಹಾರವನ್ನು ಕುರಿತು ನಾನು ಹೇಳಿದ ಪ್ರವಚನವೊಂದು ನನಗೇ ತೊಡಕಾಗಿ ಪರಿಣಮಿಸಿದುದರಿಂದ ಆ ಸಂಗತಿಯನ್ನೇ ಇಂದು ಅರಿಕೆಮಾಡಿಕೊಳ್ಳುವೆನು. ಅಂದು ಪ್ರವಚನ ಮುಗಿಯಲು, ಕೂಲಿಯಿಂದ ಜೀವಿಸುವ ತಾಯಿಯೊಬ್ಬಳು ಎದ್ದು ನಿಂತು, “ಅಯ್ಯನವರ, ಮಿತ ಅನ್ನೂದು ಉಳ್ಳವರಿಗೆ. ನಮ್ಮ ಮನಿಯಾಗ ಸಂತಿ ಬರೂದರೊಳಗ ಹಿಟ್ಟು ತಾನ ಮಿತ ಆಗತೈತ್ರಿ” ಎಂದಳು. ಸಭೆ ನಕ್ಕಿತು. ನಾನೂ ನಕ್ಕೆನು. ರಾತ್ರಿ ಮಾತ್ರ ನಿದ್ರೆ ಹತ್ತಲಿಲ್ಲ.

೨೦೧೧ನೆಯ ಇಸವಿಯ ಸಪ್ಟಂಬರದಲ್ಲಿ ಯೋಜನಾ ಆಯೋಗವು ಸರ್ವೋಚ್ಚ ನ್ಯಾಯಾಲಯದ ಮುಂದೆ, ಪಟ್ಟಣಿಗನಿಗೆ ದಿನಕ್ಕೆ ೩೨ ರೂಪಾಯಿ, ಹಳ್ಳಿಗನಿಗೆ ೨೬ ರೂಪಾಯಿಯ ವೆಚ್ಚವೇ ಬಡತನದ ಗೆರೆಯೆಂದು ನಿವೇದಿಸಿದ್ದು ತಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅಂದಿನ ಬೆಲೆಗಳು ಇಂದಿಲ್ಲ. ಆದುದರಿಂದ ಏಳು ದಿನಗಳ ಊಟಕ್ಕೆ ೩೦೦ ರೂಪಾಯಿಗಳನ್ನು ಗೊತ್ತುಮಾಡಿಕೊಂಡು, ಆ ವಾರ ಮಠದ ಪಂಕ್ತಿಗೆ ಬರುವುದಿಲ್ಲವೆಂದು ಶ್ರೀಗಳಲ್ಲಿ ಬಿನ್ನವಿಸಿ, ಸಂತೆಗೆ ಹೋದೆನು.

ಜೋಳ ೩ ಕಿಲೋ, ಮಡಕೆಕಾಳು ಅರ್ಧ ಕಿಲೋ, ಶೇಂಗಾ ಕಾಲು ಕಿಲೋ, ಬೆಲ್ಲ ಕಾಲು ಕಿಲೋ, ತುಸು ಎಣ್ಣೆ. ಇಷ್ಟಕ್ಕೆ ೨೬೦ ರೂಪಾಯಿ ತೀರಿತು. ಉಳಿದ ೪೦ರಲ್ಲಿ ಉಪ್ಪು, ಮೆಣಸಿನಕಾಯಿ, ಉಳ್ಳಾಗಡ್ಡಿ, ಪುಂಡಿಪಲ್ಯ. ಜೋಳದ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶವು ಕಡಿಮೆ. ಕಾಳು ಆ ಕೊರತೆಯನ್ನು ತುಂಬುತ್ತದೆ. ನಮ್ಮ ಹಿರಿಯರು ಈ ಹೆಸರನ್ನರಿಯದೆಯೇ ರೊಟ್ಟಿಯ ಮಗ್ಗುಲಿಗೆ ಕಾಳುಪಲ್ಯವನ್ನಿಟ್ಟರು. ಲೆಕ್ಕಹಾಕಲಾಗಿ ದಿನಕ್ಕೆ ಸುಮಾರು ೨೧೦೦ ಕ್ಯಾಲೊರಿಯಾಯಿತು. ೧೯೭೯ರಲ್ಲಿ ಸರಕಾರದ ತಜ್ಞರು ಪಟ್ಟಣಕ್ಕೆ ಇಷ್ಟನ್ನೇ ನಿಗದಿಮಾಡಿದ್ದರು, ಹಳ್ಳಿಗೆ ೨೪೦೦. ಕುಳಿತು ಪಾಠ ಹೇಳುವ ನನಗೆ ಸಾಕಾದುದು ಕಳೆ ತೆಗೆಯುವವಳಿಗೆ ಸಾಲದು.

ಮನೆಗೆ ಬಂದ ಮೇಲೆ ನೆನಪಾಯಿತು, ಜೋಳವನ್ನು ಬೀಸಿಸಬೇಕಲ್ಲ! ಗಿರಣಿಗೆ ಕೊಡಲು ಕಾಸಿಲ್ಲ. ಮೂವತ್ತು ವರುಷ ತರ್ಕಪಾಠ ಹೇಳಿದವನಿಗೆ ಇಷ್ಟು ತೋಚಲಿಲ್ಲ. ಬೆಲ್ಲವನ್ನು ಅಂಗಡಿಗೆ ಮರಳಿಸಿ ಹಿಟ್ಟು ಮಾಡಿಸಿದೆನು.

ಮೂರು ದಿನ ಸುಖವಾಗಿ ಕಳೆದವು. ನಾಲ್ಕನೆಯ ದಿನ ಪಲ್ಯ ತೀರಿತು. ಆಮೇಲೆ ಹಸಿವೆಗಿಂತಲೂ ಲೆಕ್ಕವೇ ನನ್ನನ್ನು ಪೀಡಿಸಿತು. ಪಾಠ ಹೇಳುವಾಗಲೂ ಡಬ್ಬಿಯ ತಳದ ಹಿಟ್ಟೇ ಕಣ್ಣೆದುರಿಗೆ. ಚೀಲಗಟ್ಟಲೆ ಕೊಳ್ಳುವವನಿಗೆ ಇಳಿಯುವ ದರವು ಪಾವು ಪಾವಾಗಿ ಕೊಳ್ಳುವವಳಿಗೆ ಏರುತ್ತದೆಂಬುದನ್ನೂ ಆಗ ಮನಗಂಡೆನು. ೨೦೧೩ರ ಕಾಯಿದೆಯ ಮೇರೆಗೆ ತಲೆಗೆ ತಿಂಗಳಿಗೆ ೫ ಕಿಲೋ ಧಾನ್ಯವು ಇಂಥ ಮನೆಗಳಿಗೆ ದೊಡ್ಡ ಆಧಾರವೇ ಸರಿ. ಆದರೆ ದಿನಕ್ಕೆ ಹಂಚಿದರೆ ೧೭೦ ಗ್ರಾಮಿಗೆ ತುಸು ಕಡಿಮೆ. ಏಳನೆಯ ರಾತ್ರಿ ನನಗುಳಿದದ್ದು ಅರ್ಧ ರೊಟ್ಟಿ. ಅದೂ, ಮಡಕೆಕಾಳನ್ನು ನೆನೆಹಾಕಿ ಮೊಳಕೆ ಕಟ್ಟುವಷ್ಟು ಬಿಡುವು ನನಗಿದ್ದಿತು, ಕಟ್ಟಿಗೆ ಮಠದ್ದು, ಮತ್ತು ಮನೆಯಲ್ಲಿ ಕೂಸುಗಳಿರಲಿಲ್ಲ.

ಮರುದಿನ ಸೋಮವಾರ. ಕೋರಾನ್ನದ ಜೋಳಿಗೆಯೊಡನೆ ವಿದ್ಯಾರ್ಥಿಗಳು ಹೊರಡಲು ನಾನೂ ಹೋದೆನು. ಆ ತಾಯಿಯ ಬಾಗಿಲಿಗೂ ನಿಂತೆವು. ಬೊಗಸೆ ತುಂಬ ಹಿಟ್ಟು ತಂದು ಜೋಳಿಗೆಗೆ ನೀಡಿದಳು. “ತಾಯೀ, ಸಂತೆಯ ಹಿಟ್ಟು ತೀರಿರಬೇಕಲ್ಲ, ಇದೆಲ್ಲಿಯದು?” ಎಂದು ಕೇಳಿದೆನು.

“ಮಠದ್ದು ಮೊದಲ ತಗದು ಇಟ್ಟಿರತೇನ್ರಿ, ಅಯ್ಯನವರ” ಎಂದಳು.

ನನ್ನ ೩೦೦ ರೂಪಾಯಿಯ ಲೆಕ್ಕದಲ್ಲಿ ಜೋಳಿಗೆಗೆಂದು ಒಂದು ಹಿಡಿಯನ್ನೂ ನಾನು ತೆಗೆದಿರಿಸಿರಲಿಲ್ಲ.